ಸೂಟ್‌ಕೇಸಿನಲ್ಲಿ ಸಮಾಧಿ ಕಲ್ಲು

ದುಬೈಗೆ ಹೋಗಿಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಎಷ್ಟು ಖರ್ಚಾಯಿತು ಎಂದು. ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ಟಿಕೆಟ್ಟಿಗೆ ಹೆಚ್ಚೇನೂ ಆಗಲಿಲ್ಲ. ಬುದ್ಧಿ ಇದ್ದವರು ಆ ಊರಿಗೆ ಕಾಲಿಡದ ಸೆಕೆಗಾಲದಲ್ಲಿ ಹೊರಟರೆ ವಿಮಾನದವರು ಕರೆದು ಕೂರಿಸುತ್ತಾರೆ. ಉಳಿದುಕೊಳ್ಳಲು ತಮ್ಮನ ಮನೆ ಇತ್ತು. ಕೈ ಬಿಸಿಯಾದದ್ದು ಹೆಚ್ಚುವರಿ ಲಗೇಜಿಗೆ; ಟಿಕೆಟ್ಟಿನ ಅರ್ಧದಷ್ಟನ್ನು ಒಂದು ಕಲ್ಲಿಗೆ ಕಟ್ಟಿದೆ. ಮಂಗಳೂರಿನ ಕೌಂಟರಿನಲ್ಲಿದ್ದ ಹುಡುಗಿ, "ಆಂಟಿ, ಇದ್ರಲ್ಲಿ ಎಂತ ಉಂಟು, ಕಲ್ಲಾ?" ಎಂದು ನಕ್ಕಳು. ಹೌದು ಎಂದೆ. ಬಿಚ್ಚಿ ತೋರಿಸಿದ ಮೇಲೆ ನಗಲಿಲ್ಲ.

ಕಾರ್ಕಳದಲ್ಲಿ ನನ್ನದೊಂದು ಕಲ್ಲಿನ ಯಾರ್ಡ್ ಇದೆ. ಮೊದಲು ಕೋರೆಯ ಕೆಲಸದವರಿಗೆ ಚಹಾ, ಅವಲಕ್ಕಿ ಮಾರುತ್ತಿದ್ದೆ. ಅವರು ಬಿಸಾಡುತ್ತಿದ್ದ ತುಂಡುಗಳನ್ನು ಎತ್ತಿ ತಂದು ಬಟ್ಟೆ ಒಗೆಯುವ ಕಲ್ಲೆಂದು ಮಾರಲು ಶುರು ಮಾಡಿದೆ. ಆಮೇಲೆ ಅಡುಗೆಮನೆಯ ಕಟ್ಟೆ, ಆಮೇಲೆ ಸಮಾಧಿ ಕಲ್ಲು. ನಮ್ಮಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಕಲ್ಲಿಗೆ ಉಳಿ ಇಡುವ ಮೊದಲು ಚಿಕ್ಕ ಹಲಗೆಯೊಂದರಲ್ಲಿ ಬರಹವನ್ನು ಕೆತ್ತಿ ಗಿರಾಕಿಯ ಕೈಗೆ ಕೊಡುತ್ತೇವೆ. ಕಣ್ಣು ಮುಚ್ಚಿ ಬೆರಳಿನಿಂದ ಓದಿ ಎನ್ನುತ್ತೇವೆ. ಕರಾವಳಿಯ ಮಳೆಗೆ ಬಣ್ಣ ನಿಲ್ಲುವುದಿಲ್ಲ, ಪಾಚಿ ಹತ್ತಿದರೆ ಅಕ್ಷರ ಕಣ್ಣಿಗೆ ಸಿಗುವುದಿಲ್ಲ. ಬೆರಳಿಗೆ ಸಿಗುವಷ್ಟು ಆಳ ಇರಲೇಬೇಕು. ಗಿರಾಕಿ ಓದಿ ಹೂಂ ಎಂದರೆ ಆ ಮಾದರಿಯೇ ನಾವು ಕೊಟ್ಟ ಮಾತು. ಅದರಲ್ಲಿದ್ದದ್ದೇ ದೊಡ್ಡ ಕಲ್ಲಿನಲ್ಲಿ ಬರಬೇಕು.

ಈ ಸಲದ ಗಿರಾಕಿ ದುಬೈಯಲ್ಲಿದ್ದರು. ತಮ್ಮ ದಿನೇಶ ಅಲ್ಲಿ ಒಂದು ಕಂಪೆನಿಯ ಲೆಕ್ಕ ವಿಭಾಗದಲ್ಲಿದ್ದಾನೆ. ಅವನ ಮ್ಯಾನೇಜರ್ ಡೇನಿಯಲ್ ಇಂಗ್ಲೆಂಡಿನವರು. ಅವರ ಅಜ್ಜಿ ಎಲ್ಸಾ ಎಂಬವರ ಸಮಾಧಿ ಮಂಗಳೂರಿನ ಹಳೆಯ ಕ್ರಿಶ್ಚಿಯನ್ ಸ್ಮಶಾನವೊಂದರ ಗೋಡೆ ಬದಿಯಲ್ಲಿದೆಯಂತೆ, ಕೆಂಪು ಮುರಕಲ್ಲಿನ ಕಟ್ಟೆ ಮಳೆಗೆ ಕರಗಿಹೋಗಿದೆಯಂತೆ, ಹೊಸ ಕಲ್ಲು ಬೇಕಂತೆ. ಆರ್ಡರ್ ಕೊಟ್ಟದ್ದು ಮಗ. ಏನು ಬರೆಯಬೇಕೆಂದು ಫೋನಿನಲ್ಲಿ ಹೇಳಿದ್ದು ತಾಯಿ ರೂತ್, ಅದೂ ನಮ್ಮೂರಿನ ತುಳುವಿನಲ್ಲಿ. ಎಲ್ಸಾರ ಹೆಸರಿನ ಕೆಳಗೆ ಇನ್ನೂ ಆರು ಹೆಸರು, ಅವುಗಳ ಕೆಳಗೆ ಕನ್ನಡದಲ್ಲಿ ಒಂದು ಸಾಲು: "ಈ ಆರು ಮಂದಿಯನ್ನು ನಾಜಿಗಳು ಕೊಂದರು. ಇವರಿಗೆ ಬೇರೆಲ್ಲೂ ಸಮಾಧಿ ಇಲ್ಲ."

ಇಷ್ಟು ವರ್ಷದಲ್ಲಿ ಪ್ರೀತಿಯ ನೆನಪಿಗಾಗಿ ಎಂದು ಕೆತ್ತಿಸಿದ್ದೇನೆ, ಚಿರಶಾಂತಿ ಕೋರುತ್ತಾ ಎಂದು ಕೆತ್ತಿಸಿದ್ದೇನೆ. ಕೊಂದರು ಎಂದು ಯಾರೂ ಹೇಳಿರಲಿಲ್ಲ. ಕೊರಿಯರ್ ಮಾಡಿದರೆ ಮೂಲೆ ಒಡೆಯುತ್ತದೆ ಎಂಬುದು ನಿಜ. ಆ ಸಾಲು ಹೇಳಿದವರ ಮುಖ ನೋಡಬೇಕೆನಿಸಿದ್ದೂ ಅಷ್ಟೇ ನಿಜ.

ವಿಮಾನ ನಿಲ್ದಾಣ

ಹೆಸರುಗಳನ್ನು ಎರಡು ಲಿಪಿಯಲ್ಲಿ ಕೆತ್ತಿದ್ದೆವು, ಯಹೂದಿಗಳ ಹೀಬ್ರೂ ಮೇಲೆ, ಕನ್ನಡ ಕೆಳಗೆ. ಯಾರ್ಡಿನವರಿಗೆ ಹೊಸ ಲಿಪಿ ಸಿಕ್ಕಿದ ಖುಷಿ. ಸುತ್ತ ನಿಂತು ನೋಡಿದೆವು, ಫೋಟೋ ತೆಗೆದೆವು, ಗೋಣಿ ಸುತ್ತಿ ಸೂಟ್‌ಕೇಸಿಗೆ ಹಾಕಿದೆವು. ಇಸ್ರೇಲಿನವರು ಬರೆಯುವ ಲಿಪಿಯನ್ನು ಅರಬರ ದೇಶಕ್ಕೆ ಹೊತ್ತುಕೊಂಡು ಹೋಗುತ್ತಿದ್ದೇನೆ ಎಂಬುದು ದುಬೈಯ ಸ್ಕ್ಯಾನರ್ ಯಂತ್ರದ ಮುಂದೆ ನಿಲ್ಲುವವರೆಗೆ ಒಬ್ಬರಿಗೂ ಹೊಳೆಯಲಿಲ್ಲ.

ಬಿಳಿ ನಿಲುವಂಗಿಯ ತರುಣ ಅಧಿಕಾರಿ ಗೋಣಿ ಬಿಚ್ಚಿದ. ಅವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು.

"ಇದು ಯಾವ ಭಾಷೆ?"

"ಕೆಳಗಿನದು ನನ್ನದು, ಕನ್ನಡ. ಮೇಲಿನದು ಯಹೂದಿಗಳದ್ದು."

ಅವನು ನನ್ನನ್ನು ನೋಡಿದ, ಕಲ್ಲನ್ನು ನೋಡಿದ, ಹಿರಿಯನೊಬ್ಬನನ್ನು ಕರೆದ. ಸುಳ್ಳು ಹೇಳಬಹುದಿತ್ತು, ಯಾವುದೋ ಹಳೆಯ ಭಾರತದ ಲಿಪಿ ಎಂದರೆ ಮುಗಿಯುತ್ತಿತ್ತು. ಆದರೆ ಕಸ್ಟಮ್ಸಿನವರ ಹತ್ತಿರ ಒಂದು ಸುಳ್ಳು ಹೇಳಿದರೆ ಅದನ್ನು ಸಾಕಲು ಇನ್ನೂ ಹತ್ತು ಬೇಕು. ಗ್ರಾನೈಟ್ ಕಳಿಸಿ ಕಳಿಸಿ ಕಲಿತ ಪಾಠ ಇದು.

ಹಿರಿಯ ಅಧಿಕಾರಿ ಕೆತ್ತನೆಯೊಳಗೆ ಬೆರಳು ಓಡಿಸಿದ. ಒಳ್ಳೆಯ ಗಿರಾಕಿಯಾಗುತ್ತಿದ್ದ ಮನುಷ್ಯ.

"ಇವರು ನಿನಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ. ಗಿರಾಕಿ."

"ನಮ್ಮಲ್ಲಿ ಸಮಾಧಿಯ ಮೇಲೆ ಹೆಸರು ಬರೆಯುವುದಿಲ್ಲ. ತಲೆಯ ಹತ್ತಿರ ಒಂದು ಕಲ್ಲು, ಖಲಾಸ್. ಯಾರು ಎಲ್ಲಿದ್ದಾರೆಂದು ದೇವರಿಗೆ ಗೊತ್ತಿದೆ."

"ನಿಮ್ಮವರನ್ನು ಎಲ್ಲಿ ಮಲಗಿಸಿದ್ದೀರೆಂದು ನಿಮಗೂ ಗೊತ್ತಲ್ಲ ಸಾಹೇಬರೇ. ಇವರನ್ನು ಕೊಂದು ಎಲ್ಲಿ ಹಾಕಿದರೆಂದು ಮನೆಯವರಿಗೆ ಗೊತ್ತಿಲ್ಲ. ಅದಕ್ಕೇ ಹೆಸರು."

ಅವನು ಗೋಣಿಯನ್ನು ಕಲ್ಲಿನ ಮೇಲೆ ಎಳೆದ. "ಹೋಗುವಾಗ ವಾಪಸ್ ತೆಗೆದುಕೊಂಡು ಹೋಗುತ್ತೀಯಾ?" ಎಂದ. ಹೌದು ಎಂದೆ. "ಯಲ್ಲಾ" ಎಂದು, ಹೊರಡು ಎಂಬಂತೆ ಕೈ ಬೀಸಿದ. ತರುಣ ಗೋಣಿಯನ್ನು ಮೊದಲಿನಂತೆ ಸುತ್ತಿಕೊಡಲು ನೋಡಿದ, ಬರಲಿಲ್ಲ, ನಾನೇ ಸುತ್ತಿಕೊಂಡೆ.

ಹೊರಗೆ ಕಾಯುತ್ತಿದ್ದ ದಿನೇಶನಿಗೆ ಇದನ್ನು ಕಾರಿನಲ್ಲಿ ಹೇಳಿದೆ. ಅವನು ಕಾರನ್ನು ಬದಿಗೆ ಹಾಕಿ ನಿಲ್ಲಿಸಿದ.

"ಅಕ್ಕ, ಸರ್ ಯಹೂದಿ ಅಂತ ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ. ನನಗೇ ಈ ಕಲ್ಲಿನಿಂದ ಗೊತ್ತಾದದ್ದು. ನೀನು ಬಂದು ಏರ್‌ಪೋರ್ಟಲ್ಲಿ ಡಂಗುರ ಹೊಡ್ದಿಯಾ?"

"ಅವ ಕೇಳಿದ, ನಾನು ಹೇಳಿದೆ."

"ಇಲ್ಲಿ ಕೇಳಿದ್ದಕ್ಕೆಲ್ಲ ಹೇಳ್ಲಿಕ್ಕಿಲ್ಲ ಮಾರಾಯ್ತಿ."

ಅಲ್ ನಹ್ದಾ

ದಿನೇಶನ ಫ್ಲ್ಯಾಟ್ ಅಲ್ ನಹ್ದಾದಲ್ಲಿ. ಬಾಲ್ಕನಿಯಲ್ಲಿ ನಿಂತರೆ ಎದುರು ಕಾಣುವುದು ಶಾರ್ಜಾ. ಲಿಫ್ಟಿನಲ್ಲಿ ತುಳು, ಕೊಂಕಣಿ, ಮಲಯಾಳ ಎಲ್ಲ ಕೇಳುತ್ತದೆ. ಮಹಡಿಗೊಂದರಂತೆ ಒಗ್ಗರಣೆಯ ವಾಸನೆ ಬದಲಾಗುತ್ತದೆ. ನಾನು ಮಂಗಳೂರು ಪಕ್ಕದ ಉಳ್ಳಾಲದ ಕಡೆಗೆ ಹೋದ ಹಾಗೆಯೇ ಇತ್ತು, ಸ್ನಾನದ ಮನೆಗೆ ಹೋಗುವವರೆಗೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಕುದಿಯುವ ನೀರು ಬಂತು. ಬಿಸಿನೀರಿನದ್ದನ್ನು ತಿರುಗಿಸಿದರೆ ತಣ್ಣೀರು. ಕೂಗಿಕೊಂಡು ಹೊರಗೆ ಬಂದೆ.

ದಿನೇಶನ ಹೆಂಡತಿ ಶಾಲಿನಿ ನಗುತ್ತಾ ಬಿಡಿಸಿ ಹೇಳಿದಳು. ಟ್ಯಾಂಕು ಇರುವುದು ಟೆರೇಸಿನ ಮೇಲೆ, ಬಿಸಿಲಿಗೆ ಅದೇ ಹಂಡೆ. ಸೆಕೆಗಾಲದಲ್ಲಿ ಗೀಸರ್ ಆರಿಸಿಟ್ಟರೆ ಅದರೊಳಗಿನ ನೀರು ಮನೆಯ ಏಸಿಗೆ ತಣಿಯುತ್ತದೆ. ಹಾಗಾಗಿ ಬಿಸಿಯ ನಲ್ಲಿಯಲ್ಲಿ ತಂಪು. ನನಗೆ ಈ ಉಪಾಯ ಬಹಳ ಹಿಡಿಸಿತು. ಊರಿನವರು ಎಲ್ಲಿ ಹೋದರೂ ಯಂತ್ರವನ್ನು ಉಲ್ಟಾ ತಿರುಗಿಸಿ ಕೆಲಸ ತೆಗೆಯುತ್ತಾರೆ.

ಅವರ ಮಗಳು ಸಾನ್ವಿ ಕನ್ನಡ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ನಾನು ಇಂಗ್ಲಿಷ್ ಅರ್ಥ ಮಾಡಿಕೊಂಡು ಕನ್ನಡದಲ್ಲಿ ಉತ್ತರಿಸುತ್ತೇನೆ. ನಮ್ಮಿಬ್ಬರಿಗೂ ಏನೂ ತೊಂದರೆಯಾಗಲಿಲ್ಲ. ಕೇಳಿದರೆ ಅರ್ಥವಾಗುತ್ತದೆ ಎಂದು ಎದುರಿನವರಿಗೆ ತಿಳಿಯದಿರುವುದು ವ್ಯಾಪಾರದಲ್ಲಿ ದೊಡ್ಡ ಬಂಡವಾಳ. ಅದು ಎರಡೇ ದಿನದಲ್ಲಿ ಕೆಲಸಕ್ಕೆ ಬಂತು.

ಜುಮೇರಾ ಲೇಕ್ ಟವರ್ಸ್

ಮರುದಿನ ದಿನೇಶ ನನ್ನನ್ನು ಮ್ಯಾನೇಜರರ ಮನೆಗೆ ಕರೆದುಕೊಂಡು ಹೋದ. ಕೆರೆಯ ಸುತ್ತ ಕಂಬ ನಿಲ್ಲಿಸಿದ ಹಾಗೆ ಕಟ್ಟಡಗಳು. ಕೆಳಗಿನ ಹಾಲಿನಲ್ಲಿ ಹಾಕಿದ ಗ್ರಾನೈಟ್ ನಮ್ಮ ಕಡೆಯದ್ದೇ ಇರಬೇಕು, ಪಾಲಿಶ್ ಮಾತ್ರ ಎರಡನೇ ದರ್ಜೆ.

ಬಾಗಿಲು ತೆರೆದದ್ದು ಎಂಬತ್ತು ದಾಟಿದ, ಬೆಳ್ಳಗಿನ, ಸಣಕಲು ಹೆಂಗಸು. ದಪ್ಪ ಕನ್ನಡಕ. "ಎಂಚ ಉಲ್ಲರ್?" ಎಂದು ಕ್ಷೇಮ ಕೇಳಿದರು. ಮಂಗಳೂರಿನ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದರಂತೆ. ತಾಯಿ ತೀರಿಹೋಗಿ, ಊರಿನಲ್ಲಿ ಯಹೂದಿಗಳ ಸ್ಮಶಾನ ಇಲ್ಲದ್ದರಿಂದ ಕ್ರಿಶ್ಚಿಯನ್ನರ ಜಾಗದಲ್ಲಿ ಮಲಗಿಸಿದ ಮೇಲೆ ಇಂಗ್ಲೆಂಡಿನವರೊಬ್ಬರನ್ನು ಮದುವೆಯಾಗಿ ಹೋದರು. ಗಂಡ ಇಲ್ಲವಾದ ನಂತರ ಮಗನ ಜೊತೆ ಇದ್ದಾರೆ. ನಾನು ಅವರನ್ನು ಟೀಚರ್ ಎಂದೇ ಕರೆದೆ. ಬೇರೆ ಏನೆಂದು ಕರೆಯುವುದು. ತುಳು, ಕನ್ನಡ ಬೆರೆಸಿ ಮಾತಾಡಿದೆವು.

"ನನ್ನ ಅಪ್ಪ ಇಟ್ಟಿಗೆ, ಹೆಂಚು ಸುಡುವ ಭಟ್ಟಿಯ ಎಂಜಿನಿಯರ್. ನಾವು ವಿಯೆನ್ನಾದವರು," ಎಂದರು. "ಅಜ್ಜನದ್ದು ಕೊಡೆ ಅಂಗಡಿ. ಯಹೂದಿಗಳ ಅಂಗಡಿ ಅಂತ ಒಡೆದು ಹಾಕಿದ್ರು. ಓಡ್ಲಿಕ್ಕೆ ಎಲ್ಲರೂ ತಯಾರು, ಒಳಗೆ ಬಿಡ್ಲಿಕ್ಕೆ ಯಾರೂ ತಯಾರಿಲ್ಲ. ಮಂಗಳೂರಿನ ಹೆಂಚಿನ ಕಾರ್ಖಾನೆಯವರು ಅಪ್ಪನಿಗೆ ಕೆಲಸ ಕೊಟ್ಟು ಜಾಮೀನು ನಿಂತ್ರು. ಜಾಮೀನು ಮೂರು ಮಂದಿಗೆ. ಅಪ್ಪ, ಅಮ್ಮ ಎಲ್ಸಾ, ನಾನು."

"ಉಳಿದವ್ರು?"

"ಅಜ್ಜ ಯಾಕೋಬ್, ಅಜ್ಜಿ ರೋಸಾ. ಚಿಕ್ಕಮ್ಮ ಗ್ರೇಟಾ, ಅವರ ಗಂಡ ಎಮಿಲ್, ಮಕ್ಕಳು ಪಾಲ್ ಮತ್ತೆ ಲಿಲಿ. ಲಿಲಿ ನನ್ನ ಪ್ರಾಯದವಳು. ಪೇಪರ್ ಬರ್ತದೆ, ಬರ್ತದೆ ಅಂತ ಕೂತ್ರು. ಯುದ್ಧ ಶುರುವಾಯ್ತು. ಮಂಗಳೂರಲ್ಲಿ ಪೊಲೀಸರು ಬಂದು ಅಪ್ಪನನ್ನು ಜರ್ಮನ್ ಅಂತ ಹಿಡ್ಕೊಂಡು ಹೋದ್ರು. ಹಿಟ್ಲರನಿಗೆ ನಾವು ಬೇಡ, ಇಂಗ್ಲಿಷರಿಗೆ ನಾವು ಹಿಟ್ಲರನವರು. ತಿಂಗಳುಗಟ್ಟಲೆ ಇಟ್ಕೊಂಡು ಬಿಟ್ರು. ಅಷ್ಟರಲ್ಲಿ ವಿಯೆನ್ನಾದ ಕಾಗದ ನಿಂತಿತ್ತು."

ಯುದ್ಧ ಮುಗಿದ ಮೇಲೆ ಗೊತ್ತಾಯಿತಂತೆ. ಆರೂ ಮಂದಿಯನ್ನು ರೈಲಿನಲ್ಲಿ ಪೂರ್ವಕ್ಕೆ ಒಯ್ದು, ಒಂದು ಕಾಡಿನಲ್ಲಿ ಗುಂಡಿಯ ಅಂಚಿಗೆ ನಿಲ್ಲಿಸಿ ಗುಂಡು ಹಾರಿಸಿದ್ದರು.

"ಅಮ್ಮ ಮನೆ ಬಾಗಿಲು ಹಾಕಿ ಕೂತ್ಲು. ಬೀದಿಯ ಹೆಂಗಸರು ಬಂದ್ರು. ನಮ್ಮೂರು ನಿನಗೆ ಗೊತ್ತಲ್ಲ. ಸತ್ರು ಅಂದ ಕೂಡ್ಲೇ ಎಂತ ಕೇಳ್ತಾರೆ?"

"ಎಂತ ಆಗಿತ್ತು ಅಂತ."

"ಹಾಂ. ಎಂತ ಸೀಕು, ಎಷ್ಟು ದಿನ ಮಲಗಿದ್ರು, ಯಾರ ಮದ್ದು. ಅಮ್ಮನಿಗೆ ಬರ್ತಾ ಇದ್ದದ್ದು ತುಳುವಿನ ನಾಲ್ಕು ಮಾತು. ಯಾರೋ ಟೈಫಾಯ್ಡಾ ಅಂತ ಕೇಳಿದ್ರು. ಹೌದು ಅಂದ್ಲು. ಎಲ್ಲರೂ ಅತ್ರು. ನೀರು ಕುದಿಸಿ ಕುಡಿರಿ ಅಂತ ಹೇಳಿ ಹೋದ್ರು. ಅಮ್ಮ ಸಾಯುವವರೆಗೆ ಆ ಆರು ಮಂದಿ ಟೈಫಾಯ್ಡಲ್ಲಿ ಸತ್ತವರೇ. ನಾನು ಸಹ ಶಾಲೆಯಲ್ಲಿ ಹಾಗೇ ಹೇಳಿದೆ. ಒಳ್ಳೆಯ ಜನ, ಅವರ ಎದುರು ಅಂಥ ಮಾತು ಹೇಗೆ ಆಡುವುದು ಅಂತ. ಈಗ ನನಗೆ ಯಾರ ಸಮಾಧಾನವೂ ಬೇಡ. ಸೀಕಲ್ಲ, ಕೊಂದದ್ದು. ಆ ಬೀದಿಯವರಿಗೆ ಓದ್ಲಿಕ್ಕೆ ಬರುವ ಭಾಷೆಯಲ್ಲೇ ಬರೀ."

ನಾನು ಕಲ್ಲನ್ನು ಅವರ ಮಡಿಲಿಗೆ ಇಟ್ಟೆ. ಕಣ್ಣು ಮುಚ್ಚಿ ಎಂದು ಹೇಳಬೇಕಾಗಿರಲಿಲ್ಲ. ಆ ಕನ್ನಡಕದಲ್ಲೂ ಅವರಿಗೆ ಕಾಣುವುದು ನೆರಳಷ್ಟೇ. ಬೆರಳು ಹೆಸರಿನಿಂದ ಹೆಸರಿಗೆ ಇಳಿಯಿತು. ಕೊನೆಯ ಸಾಲಿಗೆ ಬಂದಾಗ ನಿಂತರು.

"'ಕೊಂದರು' ಸಪೂರ ಆಯ್ತು. ಬೇರೆಯದ್ದಕ್ಕಿಂತ ಕಡಿಮೆ ಆಳ. ನಿನ್ನ ಕೆಲಸದವ ಹೆದರಿದ್ದಾನೆ."

ನೋಡಿದರೆ ಹೌದು. ಇಷ್ಟು ವರ್ಷದಲ್ಲಿ ನನ್ನ ಮಾದರಿಯಲ್ಲಿ ಯಾರೂ ಇಂಥ ತಪ್ಪು ಹಿಡಿದಿರಲಿಲ್ಲ. ಆಳ ಮಾಡಿಸುತ್ತೇನೆ ಎಂದೆ. ಕಲ್ಲನ್ನು ನಾನು ಹೊರಡುವವರೆಗೆ ಅವರ ಹತ್ತಿರವೇ ಬಿಟ್ಟೆ.

ಅಬುಧಾಬಿ

ರಜೆಯ ದಿನ ಡೇನಿಯಲ್ ತಾವಾಗಿ ಬಂದು ನನ್ನನ್ನೂ ದಿನೇಶನನ್ನೂ ಅಬುಧಾಬಿಯ ದೊಡ್ಡ ಮಸೀದಿ ತೋರಿಸಲು ಕರೆದುಕೊಂಡು ಹೋದರು. ಕಲ್ಲಿನವಳಿಗೆ ಕಲ್ಲು ತೋರಿಸುವುದು ಒಳ್ಳೆಯ ಯೋಚನೆಯೇ. ತಾಯಿಯನ್ನು ಏಕೆ ಕರೆತರಲಿಲ್ಲ ಎಂದು ನಾನು ಆಗಲೇ ಲೆಕ್ಕ ಹಾಕಬೇಕಿತ್ತು.

ಬಾಗಿಲಲ್ಲಿ ಸೀರೆಯ ಮೇಲೆ ಕಪ್ಪು ನಿಲುವಂಗಿ ತೊಡಿಸಿದರು. ನನಗಿಂತ ಒಂದು ಗೇಣು ಉದ್ದ. ಎರಡು ಕಡೆ ಎಡವಿದೆ. ಅಂಗಳಕ್ಕೆ ಬಂದ ಮೇಲೆ ಎಡವಿದ್ದೆಲ್ಲ ಮರೆತುಹೋಯಿತು. ಇಡೀ ಅಂಗಳ ಬಿಳಿ ಅಮೃತಶಿಲೆ, ಅದರೊಳಗೆ ಬಣ್ಣದ ಕಲ್ಲಿನ ಬಳ್ಳಿ, ಹೂವು. ಆ ಬಿಸಿಲಿನಲ್ಲೂ ಕೈಯಿಟ್ಟರೆ ಸುಡಲಿಲ್ಲ. ನಮ್ಮ ಕಪ್ಪು ಕಲ್ಲು ಹಾಕಿದ್ದರೆ ದೋಸೆ ಹೊಯ್ಯಬಹುದಿತ್ತು. ಕುಳಿತು ಉಗುರಿನಿಂದ ಕೂಡಿಕೆ ಕೆರೆದು ನೋಡಿದೆ. ಉಗುರು ಎಲ್ಲೂ ಸಿಕ್ಕಿಬೀಳಲಿಲ್ಲ. ಕಾವಲಿನವನು ಬಂದು "ಮೇಡಂ, ಮಾಫಿ, ಮಾಫಿ" ಎಂದು ಬೇಡವೆಂದು ಕೈಯಾಡಿಸಿ ಎಬ್ಬಿಸಿದ.

ಹೊರಗೆ ನೆರಳಿನಲ್ಲಿ ಕುಳಿತಾಗ ಡೇನಿಯಲ್ ಇಂಗ್ಲಿಷಿನಲ್ಲಿ ದಿನೇಶನಿಗೆ ಹೇಳತೊಡಗಿದರು. ದಿನೇಶ ನನಗೆ ಕನ್ನಡ ಮಾಡಿ ಹೇಳಿದ.

"ಅಕ್ಕ, ಸರ್ ಹೇಳ್ತಾರೆ, ಬರಹ ಸ್ವಲ್ಪ ಚಿಕ್ಕದು ಮಾಡಿದ್ರೆ ಚಂದ ಕಾಣ್ತದೆ ಅಂತ."

ಅವರು ಹೇಳಿದ್ದು ಅದಲ್ಲ. ಅವರು ಹೇಳಿದ್ದು ಹೀಗೆ: ದುಬೈಯ ಪ್ರತಿ ಆಫೀಸಿನಲ್ಲೂ ಮಂಗಳೂರಿನವರು ಇದ್ದಾರೆ. ಯಾವನಾದರೂ ಊರಿಗೆ ಹೋದವನು ಆ ಕಲ್ಲಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದರೆ ಸಂಜೆಯೊಳಗೆ ನನ್ನ ಮೇಜಿಗೆ ಬರುತ್ತದೆ. ನಾನು ಯಾರೆಂದು ಇಲ್ಲಿ ನಾನು ಯಾರಿಗೂ ಹೇಳಿಲ್ಲ. ಅಜ್ಜಿಯ ಹೆಸರು ಇರಲಿ, ಉಳಿದದ್ದು ಬೇಡ. ಅಮ್ಮ ಬೆರಳಿಟ್ಟು ನೋಡಿದ ಮಾದರಿ ಅವರ ಹತ್ತಿರವೇ ಇರಲಿ. ಅವರಿಗೆ ಕಣ್ಣು ಕಾಣುವುದಿಲ್ಲ, ಮಂಗಳೂರಿಗೆ ಇನ್ನು ಹೋಗುವುದೂ ಇಲ್ಲ. ಅಲ್ಲಿ ಏನು ನಿಂತಿದೆ ಎಂದು ಅವರಿಗೆ ಗೊತ್ತಾಗುವುದಿಲ್ಲ.

ಮನುಷ್ಯ ಕೆಟ್ಟವರಲ್ಲ. ಹೆದರಿಕೆಯೂ ಸುಳ್ಳಲ್ಲ. ಆದರೆ ಅವರು ನನ್ನನ್ನು ಮೋಸಕ್ಕೆ ಕರೆಯುತ್ತಿದ್ದರು.

"ದಿನೇಶ, ಸರ್ ಹತ್ರ ಹೇಳು, ನನಗೆ ಅರ್ಥ ಆಯ್ತು. ಮಾದರಿ ಒಂದು, ಕಲ್ಲು ಇನ್ನೊಂದು, ಹಾಗೆ ನಮ್ಮಲ್ಲಿ ಆಗುವುದಿಲ್ಲ. ಸಾಲು ಬೇಡದಿದ್ರೆ ಟೀಚರ್ ಬೇಡ ಅನ್ಲಿ. ಅವರ ಬಾಯಿಂದ ಬರ್ಲಿ."

ದಿನೇಶ ಹೇಳಿದ್ದು, "ಅಕ್ಕ ಯೋಚನೆ ಮಾಡ್ತಾಳಂತೆ ಸರ್."

"ನಾನು ಎಂತ ಯೋಚನೆಯೂ ಮಾಡುವುದಿಲ್ಲ," ಎಂದೆ. ಆಮೇಲೆ ನಾನೇ ಡೇನಿಯಲ್ಲರಿಗೆ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಮುರುಕಾದರೂ 'ಇಲ್ಲ' ಎಂಬ ಪದ ಪೂರ್ತಿ ಇತ್ತು.

ಅವರು ಕಾರಿನ ಕೀ ತಿರುಗಿಸುತ್ತಾ, ದಿನೇಶನ ಕಾಂಟ್ರಾಕ್ಟ್ ಮುಂದಿನ ತಿಂಗಳು ಮುಗಿಯುತ್ತದೆ ಎಂದು ಹೇಳಿದರು. ಅದನ್ನು ದಿನೇಶ ಅನುವಾದಿಸಲಿಲ್ಲ.

ಮನೆಯಲ್ಲಿ ಅವನು ಸಿಡಿದ. "ಒಂದು ಸಾಲು ಬಿಟ್ರೆ ನಿನ್ನ ಗಂಟು ಎಂತ ಹೋಗ್ತದೆ? ನನ್ನ ವೀಸಾ, ಇವಳ ಶಾಲೆ, ಮನೆ ಬಾಡಿಗೆ ಎಲ್ಲ ಅವರ ಸಹಿಯಲ್ಲಿ ಉಂಟು."

ಸಾನ್ವಿ, ಫೋಟೋದಲ್ಲಿ ಆ ಸಾಲನ್ನು ಅಳಿಸಿ ಡೇನಿಯಲ್ ಅಂಕಲ್‌ಗೆ ಕಳಿಸಬಾರದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಶಾಲಿನಿ ಅವಳನ್ನು ಸುಮ್ಮನಾಗಿಸಿ, "ಅತ್ತಿಗೆ, ಆ ಅಜ್ಜಿಗೆ ಗೊತ್ತುಂಟಾ ಇದು?" ಎಂದಳು.

"ಗೊತ್ತಿಲ್ಲ. ನಾಳೆ ಗೊತ್ತಾಗ್ತದೆ."

"ನನ್ನ ಕೆಲಸ ಹೋದ್ರೆ?" ಎಂದ ದಿನೇಶ.

"ಹೋದ್ರೆ ಯಾರ್ಡಿಗೆ ಬಾ. ನಿನ್ನನ್ನು ಓದಿಸಿದ್ದು ಚಹಾ ಮಾರಿ. ಈಗ ಕಲ್ಲು ಉಂಟು."

ಹೇಳಲು ಸುಲಭವಾಗಿತ್ತು. ಅವನು ಊಟ ಮಾಡದೆ ಎದ್ದಾಗ ನಾನೂ ತಟ್ಟೆ ಸರಿಸಿದೆ.

ಮತ್ತೆ ಟವರ್ಸ್

ದಿನೇಶ ಕರೆದುಕೊಂಡು ಹೋಗಲಾರೆ ಎಂದ. ಒಬ್ಬಳೇ ಮೆಟ್ರೋ ಹತ್ತಿದೆ. ಹೆಂಗಸರ ಡಬ್ಬಿ ಬೇರೆ, ನಮ್ಮ ಬಸ್ಸಿನ ಹೆಂಗಸರ ಸ್ಥಳಕ್ಕಿಂತ ಮರ್ಯಾದೆ. ಅಭ್ಯಾಸ ಬಲದಿಂದ ಚೀಲದ ಚಕ್ಕುಲಿ ಬಾಯಿಗೆ ಹಾಕಿದ್ದೇ ಎದುರಿನ ಫಿಲಿಪೈನ್ಸ್ ಹುಡುಗಿ ಗಾಬರಿಯಿಂದ ಗೋಡೆಯ ಚಿತ್ರ ತೋರಿಸಿದಳು. ಇಲ್ಲಿ ತಿಂದರೆ ದಂಡ. ಅಗಿಯಲು ಸದ್ದಾಗುತ್ತದೆ, ಉಗುಳಲು ಜಾಗವಿಲ್ಲ. ಮುಂದಿನ ಸ್ಟೇಷನ್ನಿನವರೆಗೆ ಕೆನ್ನೆಯೊಳಗೆ ಚಕ್ಕುಲಿ ಇಟ್ಟುಕೊಂಡು ಕುಳಿತೆ.

ಟೀಚರಿಗೆ ಎಲ್ಲವನ್ನೂ ಹೇಳಿದೆ. ಕಾಂಟ್ರಾಕ್ಟಿನ ಮಾತನ್ನೂ ಬಿಡಲಿಲ್ಲ. ಅವರು ಅಳಲಿಲ್ಲ. ಫೋನ್ ಮಾಡಿ ಮಗನನ್ನು ಆಫೀಸಿನಿಂದ ಬರಹೇಳಿದರು. ಅದೇ ಕೆರೆಯ ಆಚೆ ಬದಿ, ಬೇಗನೆ ಬಂದರು. ನನ್ನನ್ನು ಕಂಡು ಅವರ ಮುಖ ಕೆಂಪಾಯಿತು.

ತಾಯಿ ಇಂಗ್ಲಿಷಿನಲ್ಲಿ ಮಾತಾಡಿದರು, ತರಗತಿಯಲ್ಲಿ ಮಾತಾಡುವ ಹಾಗೆ, ದನಿ ಎತ್ತದೆ.

"ದಿನೇಶನ ಕೆಲಸದ ಮಾತು ಎತ್ತಿದೆಯಂತೆ. ಅದನ್ನು ವಾಪಸ್ ತೆಗೆದುಕೋ."

"ಅಮ್ಮ, ನಾನು ಹಾಗೆ..."

"ತೆಗೆದುಕೋ."

"ತೆಗೆದುಕೊಂಡೆ."

"ನೀನು ಇಲ್ಲಿ ಯಾರಿಗೂ ಹೇಳಬೇಡ. ಅದು ನಿನ್ನ ಬದುಕು, ನಾನು ಬಾಯಿ ಹಾಕುವುದಿಲ್ಲ. ಆದರೆ ಆ ಆರು ಮಂದಿ ನಿನ್ನ ಗುಟ್ಟಲ್ಲ. ಅವರು ನನ್ನವರು. ನನ್ನ ಅಮ್ಮ ಒಂದು ಸುಳ್ಳನ್ನು ಹೊತ್ತು ಸತ್ತಳು. ಅದೇ ಸುಳ್ಳನ್ನು ಅವಳ ತಲೆಯ ಮೇಲೆ ಕಲ್ಲಲ್ಲಿ ನಿಲ್ಲಿಸುತ್ತೀಯಾ?"

"ಯಾರು ಓದುತ್ತಾರೆ ಅಲ್ಲಿ? ಯಾರಿಗೆ ಬೇಕು?"

"ಯಾರೂ ಓದುವುದಿಲ್ಲ ಅಂತಾದರೆ ನಿನಗೆ ಹೆದರಿಕೆ ಯಾಕೆ?"

ನಾನು ಚೌಕಾಸಿಗೆ ಇಳಿದೆ. ಎರಡು ಕಡೆಯವರೂ ಬಿಗಿದಾಗ ಮಧ್ಯದವರು ಏನಾದರೂ ಬಿಡಬೇಕು. ಸಾಮಾನ್ಯವಾಗಿ ಕಲ್ಲಿನ ಕೆಳಗೆ ಮಾಡಿಸಿದವರ ಹೆಸರು ಹಾಕುತ್ತೇವೆ. ಸರ್ ಹೆಸರು ಎಲ್ಲೂ ಬರುವುದಿಲ್ಲ, ಬಿಲ್ಲಿನಲ್ಲೂ ಇಲ್ಲ ಎಂದೆ.

"ನನ್ನದು ಹಾಕು," ಎಂದರು ಟೀಚರ್. "ಮಗಳು ರೂತ್ ಮಾಡಿಸಿದ್ದು ಅಂತ. ಯಾರಾದರೂ ಕೇಳಿಕೊಂಡು ಬಂದರೆ ನನ್ನ ಹತ್ತಿರ ಬರಲಿ. ನಾನು ಮನೆಯಲ್ಲೇ ಇರ್ತೇನೆ."

ಡೇನಿಯಲ್ ಎದ್ದರು. ಬಾಗಿಲ ಹತ್ತಿರ ನಿಂತು, "ಏನು ಬೇಕಾದರೂ ಮಾಡಿ, ನನ್ನನ್ನು ಸೇರಿಸಬೇಡಿ" ಎಂದರು. ವ್ಯಾಪಾರದಲ್ಲಿ ಇದಕ್ಕೂ ಒಪ್ಪಿಗೆ ಎನ್ನುತ್ತಾರೆ. ಟೀಚರಿಗೆ ಅದು ಗೆಲುವಿನಂತೆ ಕಾಣಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಬಹಳ ಹೊತ್ತು ಆ ಕಡೆಗೇ ಮುಖ ಮಾಡಿ ಕುಳಿತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಕೊಂದರು ಅನ್ನುವುದನ್ನು ಆಳ ಮಾಡ್ಲಿಕ್ಕೆ ಮರೀಬೇಡ ಮಗಾ" ಎಂದರು.

ಮಂಗಳೂರು

ಮರೆಯಲಿಲ್ಲ. ಕಸ್ಟಮ್ಸಿನವರಿಗೆ ಹೇಳಿದಂತೆ ಮಾದರಿಯನ್ನು ವಾಪಸ್ ತಂದೆ. ದೊಡ್ಡ ಕಲ್ಲು ತಯಾರಾಗಿ ಲಾರಿಯಲ್ಲಿ ಸ್ಮಶಾನ ತಲುಪಿದ ದಿನ ಅದನ್ನು ನೋಡಿಕೊಳ್ಳುವವರೊಬ್ಬರು ತಡೆದರು. ಇಂಥ ಮಾತು ಶಾಂತಿಯ ಜಾಗದಲ್ಲಿ ಬೇಕಾ, ಸ್ವಲ್ಪ ನಾಜೂಕಾಗಿ ಬರೆಯಬಹುದಿತ್ತಲ್ಲ ಎಂದರು. ನಾಜೂಕಾಗಿ ಕೊಂದಿದ್ದರೆ ನಾಜೂಕಾಗಿ ಬರೆಯಬಹುದಿತ್ತು ಎಂದೆ. ಅವರು ಬದಿಗೆ ಸರಿದರು. ಕಲ್ಲು ನಿಂತಿದೆ. ದಿನೇಶನ ಕಾಂಟ್ರಾಕ್ಟ್ ಮುಂದುವರಿಯಿತು; ಅವನು ನನ್ನೊಡನೆ ಮಾತಾಡಲು ಮಾತ್ರ ದೀಪಾವಳಿಯವರೆಗೆ ಸಮಯ ತೆಗೆದುಕೊಂಡ.

ದುಬೈಗೆ ಹೋಗುವವರಿಗೆ ನಾನು ಹೇಳುವುದಿಷ್ಟು. ಸೆಕೆಗಾಲದಲ್ಲಿ ಹೋಗಿ, ಅಗ್ಗ. ಮಸೀದಿಗೆ ಸಂಜೆ ಹೋಗಿ. ಮೆಟ್ರೋದಲ್ಲಿ ಬಾಯಾಡಿಸಬೇಡಿ. ನಿಮ್ಮ ಪರವಾಗಿ ಯಾರಾದರೂ ಮಾತಾಡುತ್ತಿದ್ದರೆ ಅವರು ಏನನ್ನು ಬಿಡುತ್ತಿದ್ದಾರೆ ಎಂದು ಕೇಳಿಸಿಕೊಳ್ಳಿ.

ಕಲ್ಲು ಮಾಡಿಸುವವರಿಗೆ ಬೇರೆ ಹೇಳಲಿಕ್ಕಿದೆ. ಬರಹವನ್ನು ಅಂಗಡಿಯವರಿಗೆ ಬಿಡಬೇಡಿ. ನಮ್ಮ ಹತ್ತಿರ ಇರುವುದು ಎಲ್ಲರಿಗೂ ಹೊಂದುವ ನಾಲ್ಕು ಸಾಲು. ಹಿರಿಯರನ್ನು ಈಗಲೇ ಕೂರಿಸಿ ಯಾರು ಹೇಗೆ ಹೋದರೆಂದು ಕೇಳಿ. ಬಣ್ಣಕ್ಕೆ ದುಡ್ಡು ಹಾಕಬೇಡಿ, ಆಳಕ್ಕೆ ಹಾಕಿ. ಕೆತ್ತಿದ್ದನ್ನು ಬೆರಳಿಟ್ಟು ನೋಡದೆ ಒಪ್ಪಬೇಡಿ. ಸತ್ತವರ ಹೆಸರುಗಳ ಜೊತೆಗೆ ಕೊಂದವರ ಹೆಸರಿಗೆ ಜಾಗ ಸಾಲುವುದಿಲ್ಲ ಎಂದು ಯಾರಾದರೂ ಹೇಳಿದರೆ, ದೊಡ್ಡ ಕಲ್ಲು ತೆಗೆದುಕೊಳ್ಳಿ.